ಹೊಕ್ಕುಳಿನ ಸುತ್ತ ಉಳಿದುಬಿಟ್ಟ ಹಳೆಯ ಭಯ

ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿದವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ನಾಯಿ ಕಚ್ಚಿದ ದಿನವೇ ಸರಿಯಾದ ಚಿಕಿತ್ಸೆ ಶುರುವಾದರೆ ಇದೇ ರೋಗದಿಂದ ಸಾಯುವವರು ಇಲ್ಲವೆನ್ನುವಷ್ಟು ಕಡಿಮೆ. ಹೀಗಿದ್ದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022-23ರಲ್ಲಿ ಹದಿನೈದು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ರೇಬಿಸ್‌ಗೆ ಬಲಿಯಾಗುತ್ತಾರೆ. ಎರಡು ದಶಕಗಳ ಹಿಂದೆ ಈ ಅಂದಾಜು ಇಪ್ಪತ್ತು ಸಾವಿರ ಮುಟ್ಟಿತ್ತು. ಇಳಿಕೆ ಸಮಾಧಾನದ ಸಂಗತಿಯೇ. ಆದರೆ ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಒಂದೇ ಒಂದು ಡೋಸ್ ಲಸಿಕೆಯನ್ನೂ ಹಾಕಿಸಿಕೊಂಡಿರಲಿಲ್ಲ ಎಂದು ಅದೇ ಸಮೀಕ್ಷೆ ಹೇಳುತ್ತದೆ. ನಮ್ಮಲ್ಲಿ ರೇಬಿಸ್‌ನ ಭಯಕ್ಕೇನೂ ಕೊರತೆಯಿಲ್ಲ. ಆ ಭಯ ಜನರನ್ನು ಆಸ್ಪತ್ರೆಯತ್ತ ಕರೆದೊಯ್ಯುತ್ತಿಲ್ಲ ಎಂಬುದೇ ಕೊರತೆ.

ಇದಕ್ಕೊಂದು ಕಾರಣ ಹುಡುಕಹೊರಟರೆ ಹಿಮಾಲಯದ ತಪ್ಪಲಿನ ಕಸೌಲಿಗೆ ಹೋಗಬೇಕಾಗುತ್ತದೆ. ಅಲ್ಲಿನ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿದ್ದ ಡೇವಿಡ್ ಸೆಂಪಲ್, 1911ರಲ್ಲಿ ರೇಬಿಸ್ ಲಸಿಕೆ ತಯಾರಿಸುವ ಹೊಸ ವಿಧಾನವೊಂದನ್ನು ಕಂಡುಹಿಡಿದರು. ರೇಬಿಸ್ ವೈರಾಣು ಬೆಳೆಸಿದ ಪ್ರಾಣಿಯ ಮಿದುಳನ್ನು ಅರೆದು, ಫೀನಾಲ್‌ನಿಂದ ವೈರಾಣುವನ್ನು ನಿಷ್ಕ್ರಿಯಗೊಳಿಸುವ ವಿಧಾನ ಅದು. ಮುಂದೆ ಭಾರತದಲ್ಲಿ ಇದಕ್ಕೆ ಕುರಿಯ ಮಿದುಳೇ ಬಳಕೆಯಾಯಿತು. ಅಗ್ಗದ ಲಸಿಕೆಯಾದ್ದರಿಂದ ದೇಶದ ಮೂಲೆಮೂಲೆಗೂ ತಲುಪಿ ಲಕ್ಷಾಂತರ ಜನರ ಪ್ರಾಣ ಕಾಯಿತು. ಆ ಕೃತಜ್ಞತೆ ಅದಕ್ಕೆ ಸಲ್ಲಲೇಬೇಕು. ಆದರೆ ಅದನ್ನು ಹೊಟ್ಟೆಯ ಚರ್ಮದಡಿಗೆ, ದಿನಕ್ಕೊಂದರಂತೆ, ತೀವ್ರ ಗಾಯಗಳಿಗೆ ಹದಿನಾಲ್ಕು ದಿನ ಚುಚ್ಚಬೇಕಿತ್ತು. ಲಸಿಕೆಯೊಂದಿಗೆ ಪ್ರಾಣಿಯ ನರದ ಅಂಶವೂ ಮೈಸೇರುತ್ತಿದ್ದುದರಿಂದ ಕೆಲವರಿಗೆ ಪಾರ್ಶ್ವವಾಯು ಬಡಿದದ್ದೂ ಉಂಟು. ಕೋಶಕೃಷಿಯಲ್ಲಿ ತಯಾರಾಗುವ ಸುರಕ್ಷಿತ ಲಸಿಕೆಗಳು ಬಂದು ಎಷ್ಟೋ ವರ್ಷಗಳಾದ ಮೇಲೂ ಇದರ ಬಳಕೆ ಮುಂದುವರಿಯಿತು. ಭಾರತದಲ್ಲಿ ಇದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಲಸಿಕೆ ಹೋಯಿತು, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತು ಹೋಗಲಿಲ್ಲ. ಮಕ್ಕಳನ್ನು ಬೀದಿನಾಯಿಯಿಂದ ದೂರವಿಡಲು ಹಿರಿಯರು ಹೇಳಿದ ಆ ಮಾತೇ, ನಾಯಿ ಪರಚಿದ್ದನ್ನು ಮಕ್ಕಳು ಮನೆಯಲ್ಲಿ ಮುಚ್ಚಿಡುವಂತೆ ಮಾಡಬಲ್ಲದು. ಇಂದಿನ ಲಸಿಕೆ ತೋಳಿಗೆ. ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಆಮೇಲೆ ಮೂರು, ಏಳು ಮತ್ತು ಇಪ್ಪತ್ತೆಂಟನೇ ದಿನ, ಒಟ್ಟು ನಾಲ್ಕು ಭೇಟಿಗಳಲ್ಲಿ ಮುಗಿಯುತ್ತದೆ.

ಕಚ್ಚಿದ ಮೇಲೆ ಹಾಕಿಸಿಕೊಂಡ ಲಸಿಕೆಯೂ ಕೆಲಸ ಮಾಡುವುದೇಕೆ? ಈ ವೈರಾಣು ರಕ್ತದಲ್ಲಿ ಹರಿಯುವುದಿಲ್ಲ. ಗಾಯದ ಬಳಿಯ ನರವನ್ನು ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುವ ಈ ಪಯಣವೇ ನಮಗೆ ಸಿಕ್ಕುವ ಕಾಲಾವಕಾಶ. ಮುಖ, ತಲೆ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರ, ಅವಕಾಶವೂ ಕಡಿಮೆ. ವೈರಾಣುವಿನ ಹೊರಪದರ ಕೊಬ್ಬಿನದು, ಸೋಪಿಗೆ ಕರಗುವಂಥದು. ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆಯುವುದು ಆ ಕಾರಣಕ್ಕೇ ಚಿಕಿತ್ಸೆಯ ಮೊದಲ ಭಾಗ. ಗಾಯಕ್ಕೆ ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಿದರೆ ಈ ಅಮೂಲ್ಯ ನಿಮಿಷಗಳು ವ್ಯರ್ಥ. ಲಸಿಕೆಯಿಂದ ದೇಹದಲ್ಲಿ ಪ್ರತಿಕಾಯ ಹುಟ್ಟಲು ಒಂದೆರಡು ವಾರ ಬೇಕು. ರಕ್ತ ಬಂದ ಗಾಯಕ್ಕೆ ಅಲ್ಲಿಯವರೆಗಿನ ಕಾವಲಾಗಿ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಗಾಯದ ಒಳಗೂ ಸುತ್ತಲೂ ಕೊಡಲೇಬೇಕು.

ಕಚ್ಚಿದ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ, ಪ್ರತಿಯೊಂದು ಗೀರಿಗೂ ಓಡಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಲಕ್ಷಣ ತೋರುವ ಕೆಲವು ದಿನ ಮೊದಲೇ ನಾಯಿಯ ಜೊಲ್ಲಿನಲ್ಲಿ ವೈರಾಣು ಇರಬಹುದು. ಬಾಲ ಅಲ್ಲಾಡಿಸುವ ಮರಿಯೂ ಇದಕ್ಕೆ ಹೊರತಲ್ಲ. ಹತ್ತು ದಿನ ಕಣ್ಣಿಡಲು ಸಾಧ್ಯವಿರುವ ನಾಯಿಯಾದರೆ ಲಸಿಕೆ ಆರಂಭಿಸಿಯೇ ಅದನ್ನು ಗಮನಿಸಬೇಕು. ಹತ್ತನೇ ದಿನವೂ ಅದು ಆರೋಗ್ಯವಾಗಿದ್ದರೆ ಉಳಿದ ಡೋಸ್‌ಗಳ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ಬೇಡವಾಗಿದ್ದ ಒಂದು ಚುಚ್ಚು ತೋಳನ್ನು ಒಂದು ದಿನ ನೋಯಿಸೀತು. ಬೇಕಾಗಿದ್ದು ತಪ್ಪಿದ ಚುಚ್ಚಿಗೆ ಪರಿಹಾರವೇ ಇಲ್ಲ.

ಬೀದಿನಾಯಿಗಳನ್ನೇ ಇಲ್ಲವಾಗಿಸಿದರೆ ಆಯಿತಲ್ಲ ಎಂಬುದು ಇನ್ನೊಂದು ವಾದ. ಕಚ್ಚಿಸಿಕೊಂಡವರ ಸಿಟ್ಟು ಸಹಜ. ಆದರೆ ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ಹಾಕಿ, ವರ್ಷವರ್ಷವೂ ಅದನ್ನು ಉಳಿಸಿಕೊಂಡರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಪರೀಕ್ಷಿತ ಸತ್ಯ. ನಮ್ಮ ಪಕ್ಕದ ಗೋವಾ ಇದೇ ದಾರಿ ಹಿಡಿದು, 2017ರ ನಂತರ ವರ್ಷಗಟ್ಟಲೆ ರೇಬಿಸ್ ಸಾವಿಲ್ಲದೆ ಕಳೆಯಿತು. ಕರ್ನಾಟಕವೂ 2022ರಲ್ಲಿ ಮಾನವ ರೇಬಿಸ್ ಪ್ರಕರಣಗಳನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಆದರೆ ವರದಿಯಾಗುವುದು ಕೈಮೀರಿದ ಮೇಲಿನ ಪ್ರಕರಣ. ಅದಕ್ಕೂ ಮೊದಲು, ಇಮ್ಯುನೊಗ್ಲಾಬ್ಯುಲಿನ್ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ ಎಂಬುದು ಪ್ರತಿ ತಾಲ್ಲೂಕಿನ ಜನರಿಗೂ ಗೊತ್ತಿರಬೇಕು. ನಾಯಿ ಪರಚಿದ್ದನ್ನು ಹೇಳಿದರೆ ಬೈಯುವುದಿಲ್ಲ ಎಂಬ ಧೈರ್ಯ ಪ್ರತಿ ಮಗುವಿಗೂ ಮನೆಯಲ್ಲೂ ಶಾಲೆಯಲ್ಲೂ ಸಿಗಬೇಕು. ಒಂದು ಸರ್ಕಾರದ ಕೆಲಸ, ಇನ್ನೊಂದು ನಮ್ಮದು. ಎರಡರಲ್ಲಿ ಯಾವುದು ತಪ್ಪಿದರೂ ತಡೆಯಬಹುದಾಗಿದ್ದ ಸಾವು ತಡೆಯಲಾಗದೆ ಹೋಗುತ್ತದೆ.