ಮಂಡಿನೋವಿಗೆ ಪೆಪ್ಟೈಡ್ ಇಂಜೆಕ್ಷನ್ ತೆಗೆದುಕೊಳ್ಳಬಹುದೇ?

ಪ್ರಶ್ನೆ: ‘ಬಿಪಿಸಿ-157’ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಮಂಡಿನೋವು ವಾಸಿಯಾಗುತ್ತದಂತೆ, ನಿಜವೇ?

ಉತ್ತರ: ಹಾಗೆನ್ನಲು ಸಾಕಷ್ಟು ಪುರಾವೆ ಇನ್ನೂ ಇಲ್ಲ. ಬಿಪಿಸಿ-157 ಎಂದರೆ 15 ಅಮೈನೊ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ಇದನ್ನು ಪ್ರಯೋಗಾಲಯದಲ್ಲಿ ತಯಾರಿಸುತ್ತಾರೆ. ಇಲಿಗಳಲ್ಲಿ ಹರಿದ ಸ್ನಾಯುರಜ್ಜು ಇದರಿಂದ ಬೇಗ ಕೂಡಿಕೊಂಡದ್ದುಂಟು. ಹೊಸ ರಕ್ತನಾಳಗಳು ಬೆಳೆಯಲು ಇದು ನೆರವಾಗುತ್ತದೆ. ಆದರೆ ಅದೇ ಗುಣ ಒಳಗೆ ಅಡಗಿರುವ ಕ್ಯಾನ್ಸರ್ ಗಡ್ಡೆಯನ್ನೂ ಪೋಷಿಸೀತೆಂಬ ಆತಂಕವಿದೆ. ಮನುಷ್ಯರ ಮಂಡಿಯ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನ ತೀರಾ ಚಿಕ್ಕದು. ಇಂಜೆಕ್ಷನ್ ಪಡೆಯದವರೊಡನೆ ಹೋಲಿಸಿ ನೋಡಿದ್ದೂ ಅಲ್ಲ. ಮಂಡಿನೋವು ತಾನಾಗಿಯೇ ಏರಿಳಿಯುವುದರಿಂದ ಅಂಥ ಹೋಲಿಕೆ ಅತ್ಯಗತ್ಯ. ಕ್ರೀಡಾಪಟುಗಳಿಗೆ 2022ರಿಂದಲೇ ಇದು ನಿಷಿದ್ಧ. ‘ಸಂಶೋಧನೆಗೆ ಮಾತ್ರ’ ಎಂದು ಚೀಟಿ ಅಂಟಿಸಿದ ಸೀಸೆಯ ಮದ್ದನ್ನು ದಯವಿಟ್ಟು ಚುಚ್ಚಿಸಿಕೊಳ್ಳಬೇಡಿ. ಮೊದಲು ಮೂಳೆತಜ್ಞರಿಗೆ ಮಂಡಿ ತೋರಿಸಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಕಲಿಯಿರಿ.