ಕೆರೆಯಂಚಿನ ಕಟ್ಟಡ: ಕೊಳ್ಳುವವರು ಯಾರು, ಸಾಕುವವರು ಯಾರು?
ನಿವೃತ್ತರ ವಸತಿ ಸಮುದಾಯಗಳ ಸಾಮೂಹಿಕ ಆಸ್ತಿಯ ಬಗ್ಗೆ ಸನ್ ಸಿಟಿ ಕಲಿಸುವ ಪಾಠ

ನಿವೃತ್ತರೇ ನೆಲೆಸಿರುವ ವಸತಿ ಸಮುದಾಯವೊಂದರ ಪಕ್ಕದ ಕೆರೆಯ ದಂಡೆಯಲ್ಲಿ ಹಳೆಯ ಕ್ಲಬ್ ಕಟ್ಟಡವೋ ಹೋಟೆಲ್ ಕಟ್ಟಡವೋ ಮಾರಾಟಕ್ಕೆ ಬಂದಾಗ, ನಿವಾಸಿಗಳ ಸಂಘದ ಸಭೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಬೆಲೆ ಎಷ್ಟು?’ ಎಂಬುದು. ಸ್ಥಳ ರಮಣೀಯ, ಊಟದ ಸಭಾಂಗಣ, ವಾಚನಾಲಯ, ಸಂಜೆಯ ವಿಹಾರ ಎಲ್ಲಕ್ಕೂ ಅನುಕೂಲ. ಇನ್ನೊಬ್ಬರು ಕೊಂಡು ಅಲ್ಲಿ ಗದ್ದಲದ ವ್ಯಾಪಾರ ಆರಂಭಿಸಿದರೆ ಸಮುದಾಯದ ನೆಮ್ಮದಿಗೆ ಭಂಗ ಬಂದೀತೆಂಬ ಆತಂಕವೂ ಸಹಜ. ಆದರೆ ಇಂತಹ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಎಂಬತ್ತೆರಡರ ವೃದ್ಧರು ಕೇಳಬಹುದಾದ ಪ್ರಶ್ನೆ ಬೇರೆಯದು: ಮೂವತ್ತು ವರ್ಷ ಬಾಳುವ ಕಟ್ಟಡಕ್ಕೆ, ಅದನ್ನು ಮೂರು ವರ್ಷ ಬಳಸುವವನು ಏಕೆ ಹಣ ತೆರಬೇಕು?

ಈ ಪ್ರಶ್ನೆ ಸ್ವಾರ್ಥದ್ದಲ್ಲ. ನಿವೃತ್ತರ ಸಮುದಾಯಗಳ ಸಾಮೂಹಿಕ ಆಸ್ತಿಯ ಅರ್ಥಶಾಸ್ತ್ರವೆಲ್ಲ ಅದರಲ್ಲಿ ಅಡಗಿದೆ. ಅದಕ್ಕೆ ಆರು ದಶಕಗಳಿಗೂ ಮೀರಿದ ಅನುಭವದಿಂದ ಉತ್ತರ ಹುಡುಕಿಕೊಂಡಿರುವ ಊರೊಂದು ಅಮೆರಿಕದಲ್ಲಿದೆ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ವಾಯವ್ಯಕ್ಕಿರುವ ಸನ್ ಸಿಟಿಯೇ ಆ ಊರು.

ಹತ್ತಿಯ ಹೊಲದಲ್ಲಿ ಎದ್ದ ಊರು

ಬಡಗಿಯಾಗಿ ಜೀವನ ಆರಂಭಿಸಿ ದೊಡ್ಡ ಗುತ್ತಿಗೆದಾರನಾಗಿ ಬೆಳೆದ ಡೆಲ್ ವೆಬ್, 1960ರ ಜನವರಿ 1ರಂದು ಸನ್ ಸಿಟಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಮರಿನೆಟ್ ಎಂಬ ಹಳ್ಳಿಯ ಹತ್ತಿ ಬೆಳೆಯುತ್ತಿದ್ದ ಬಯಲು ಅದು. ನಿವೃತ್ತರು ಮಕ್ಕಳು ಮೊಮ್ಮಕ್ಕಳನ್ನು ಬಿಟ್ಟು ಮರುಭೂಮಿಯಲ್ಲಿ ಮನೆ ಕೊಳ್ಳುವುದುಂಟೇ ಎಂಬ ಅನುಮಾನ ಅನೇಕರಲ್ಲಿತ್ತು. ಆರಂಭದ ಮೂರು ದಿನಗಳಲ್ಲಿ ಸುಮಾರು ಒಂದು ಲಕ್ಷ ಜನ ಬಂದು ನೋಡಿದರು; 230ಕ್ಕೂ ಹೆಚ್ಚು ಮನೆಗಳು ಮಾರಾಟವಾದವು. 1962ರ ಆಗಸ್ಟ್‌ನಲ್ಲಿ ‘ಟೈಮ್’ ಪತ್ರಿಕೆ ವೆಬ್ ಅವರ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿತು. 1978ರ ಹೊತ್ತಿಗೆ ಊರಿನ ನಿರ್ಮಾಣ ಮುಗಿದು, ನೆರೆಯ ಸನ್ ಸಿಟಿ ವೆಸ್ಟ್‌ನ ಕೆಲಸ ಆರಂಭವಾಯಿತು. 2020ರ ಜನಗಣತಿಯಂತೆ ಸನ್ ಸಿಟಿಯ ಜನಸಂಖ್ಯೆ ಸುಮಾರು 40 ಸಾವಿರ.

ವೆಬ್ ಅವರ ವ್ಯಾಪಾರ ಸೂತ್ರ ಸರಳವಾಗಿತ್ತು: ಭರವಸೆಯನ್ನಲ್ಲ, ಕಣ್ಣಿಗೆ ಕಾಣುವ ಸೌಕರ್ಯವನ್ನು ಮಾರಬೇಕು. ಮಾರಾಟದ ಮೊದಲ ದಿನವೇ ಮಾದರಿ ಮನೆಗಳ ಜೊತೆಗೆ ಅಂಗಡಿ ಸಂಕೀರ್ಣ, ಮನರಂಜನಾ ಕೇಂದ್ರ ಮತ್ತು ಗಾಲ್ಫ್ ಮೈದಾನಗಳು ನೋಡುಗರ ಮುಂದಿದ್ದವು. ಆದರೆ ನಿರ್ಮಾಪಕ ಒಂದು ದಿನ ಊರು ಬಿಡುತ್ತಾನೆ, ಕಟ್ಟಡಗಳು ಉಳಿಯುತ್ತವೆ. ಸನ್ ಸಿಟಿಗೆ ಪೌರಾಡಳಿತ ಸಂಸ್ಥೆ ಇಲ್ಲ. ಅದು ಮಾರಿಕೋಪ ಕೌಂಟಿಯ ಆಡಳಿತಕ್ಕೆ ಸೇರಿದ ಪ್ರದೇಶ. ಮನರಂಜನಾ ಕೇಂದ್ರಗಳು, ಗಾಲ್ಫ್ ಮೈದಾನಗಳು, ಬೌಲಿಂಗ್ ಅಂಕಣಗಳ ಒಡೆತನ ಮತ್ತು ನಿರ್ವಹಣೆ ‘ರಿಕ್ರಿಯೇಷನ್ ಸೆಂಟರ್ಸ್ ಆಫ್ ಸನ್ ಸಿಟಿ’ ಎಂಬ ಲಾಭರಹಿತ ನಿಗಮದ ಕೈಯಲ್ಲಿದೆ. ಮನೆಯೊಡೆಯರು ಚುನಾಯಿಸಿದ ನಿರ್ದೇಶಕ ಮಂಡಳಿ ಅದನ್ನು ನಡೆಸುತ್ತದೆ. ಮನೆ ಕೊಳ್ಳುವ ಪ್ರತಿಯೊಬ್ಬರೂ ಸೌಕರ್ಯಗಳ ಒಪ್ಪಂದಕ್ಕೆ ಸಹಿ ಹಾಕಬೇಕು. ಬಳಸಲಿ, ಬಿಡಲಿ, ವಾರ್ಷಿಕ ವಂತಿಗೆ ಕಡ್ಡಾಯ.

ಮರುಭೂಮಿಯಲ್ಲಿ ಕೆರೆಯ ಬೆಲೆ

ಸನ್ ಸಿಟಿಯ ಕೆರೆಗಳು ಮನುಷ್ಯ ನಿರ್ಮಿತ. ಅವುಗಳಲ್ಲಿ ವ್ಯೂಪಾಯಿಂಟ್ ಕೆರೆಯ ದಂಡೆಯ ಮೇಲೆ ‘ಲೇಕ್‌ವ್ಯೂ’ ಎಂಬ ಸಾಮೂಹಿಕ ಕೇಂದ್ರವಿದೆ. ವರ್ಷಕ್ಕೆ 200 ಮಿಲಿಮೀಟರಿನಷ್ಟು ಮಳೆಯೂ ಸರಿಯಾಗಿ ಬೀಳದ, ಬೇಸಿಗೆಯಲ್ಲಿ 43 ಡಿಗ್ರಿ ಸೆಲ್ಷಿಯಸ್ ದಾಟುವ ಪ್ರದೇಶದಲ್ಲಿ ನೀರಿನಂಚಿನ ಕಟ್ಟಡಕ್ಕೆ ಎಷ್ಟು ಆಕರ್ಷಣೆ ಇರಬಹುದೆಂದು ಊಹಿಸಬಹುದು.

ಇದರ ಹಿಂದೆ ಕಾನೂನಿನ ಕಾರಣವೂ ಇದೆ. ಅಂತರ್ಜಲದ ಅತಿಬಳಕೆಯನ್ನು ತಡೆಯಲು ಅರಿಜೋನಾ 1980ರಲ್ಲಿ ಅಂತರ್ಜಲ ನಿರ್ವಹಣಾ ಕಾಯಿದೆಯನ್ನು ಜಾರಿಗೆ ತಂದಿತು. ಬಳಿಕ 1987ರ ಕಾನೂನು ಫೀನಿಕ್ಸ್‌ನಂತಹ ನಿಯಂತ್ರಿತ ಪ್ರದೇಶಗಳಲ್ಲಿ ಹೊಸ ಅಲಂಕಾರಿಕ ಕೆರೆಗಳಿಗೆ ಅಂತರ್ಜಲ ತುಂಬುವುದನ್ನು ಬಹುಮಟ್ಟಿಗೆ ನಿರ್ಬಂಧಿಸಿತು. ಎಂದರೆ, ಹಳೆಯ ಕೆರೆಯ ಅಂಚಿನ ನಿವೇಶನಕ್ಕೆ ಬದಲಿ ಇಲ್ಲ. ಕೈತಪ್ಪಿದರೆ ಮತ್ತೆ ಸಿಗದು ಎಂಬ ವಾದ ಇಂತಹ ಖರೀದಿಗಳಲ್ಲಿ ಬಲವಾಗಿ ಕೇಳಿಬರುವುದು ಇದಕ್ಕಾಗಿಯೇ. ವಾದ ಸತ್ಯವೇ. ಆದರೆ ಅಪರೂಪದ ವಸ್ತುವೆಂಬ ಒಂದೇ ಕಾರಣಕ್ಕೆ ಅದು ಕೈಗೆಟಕುವ ವಸ್ತುವಾಗುವುದಿಲ್ಲ.

ಯಾರ ಹಣ, ಯಾರ ಅನುಕೂಲ?

ನಿವೃತ್ತರ ಆದಾಯ ಬಹುಪಾಲು ನಿಶ್ಚಿತವಾದುದು. ಪಿಂಚಣಿ ಮತ್ತು ಠೇವಣಿಯ ಬಡ್ಡಿಯಲ್ಲಿ ಬದುಕುವವರಿಗೆ ವಾರ್ಷಿಕ ವಂತಿಗೆಯ ಅನಿರೀಕ್ಷಿತ ಏರಿಕೆ ಔಷಧದ ಖರ್ಚಿಗೇ ಕತ್ತರಿ ಹಾಕಬಹುದು. ಇತ್ತ ಕಟ್ಟಡಗಳಿಗೂ ವಯಸ್ಸಾಗುತ್ತದೆ. 1960 ಮತ್ತು 70ರ ದಶಕಗಳಲ್ಲಿ ಕಟ್ಟಿದ ಈಜುಕೊಳ, ಸಭಾಂಗಣ, ಕೊಳವೆ ಜಾಲಗಳೆಲ್ಲ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ದುರಸ್ತಿ ಬೇಡತೊಡಗಿದಾಗ ಸನ್ ಸಿಟಿ ಇಕ್ಕಟ್ಟಿಗೆ ಸಿಲುಕಿತು. ವಂತಿಗೆ ಏರಿಸಿದರೆ ಹಿರಿಯ ನಿವಾಸಿಗಳಿಗೆ ಹೊರೆ. ಏರಿಸದಿದ್ದರೆ ಊರಿನ ಆಕರ್ಷಣೆಯೇ ಕುಂದಿ ಎಲ್ಲರ ಮನೆಗಳ ಬೆಲೆ ಇಳಿಯುವ ಭೀತಿ.

ಇದಕ್ಕೆ ಪರಿಹಾರವಾಗಿ 1999ರಲ್ಲಿ ‘ಸಂರಕ್ಷಣೆ ಮತ್ತು ಅಭಿವೃದ್ಧಿ ಶುಲ್ಕ’ವನ್ನು ಆರಂಭಿಸಲಾಯಿತು. ಮನೆಯೊಂದು ಕೈಬದಲಾದಾಗ, ಹೊಸದಾಗಿ ಕೊಳ್ಳುವವರು ಈ ಶುಲ್ಕವನ್ನು ಒಂದು ಬಾರಿ ಪಾವತಿಸುತ್ತಾರೆ. ಆ ಹಣ ದಿನನಿತ್ಯದ ವೆಚ್ಚಕ್ಕಲ್ಲ. ಪ್ರತ್ಯೇಕ ನಿಧಿಯಲ್ಲಿದ್ದು ದೊಡ್ಡ ನಿರ್ಮಾಣ ಮತ್ತು ನವೀಕರಣ ಕಾರ್ಯಗಳಿಗೆ ವಿನಿಯೋಗವಾಗುತ್ತದೆ. ಹಳೆಯ ಫೇರ್‌ವೇ ಕೇಂದ್ರದ ಪುನರ್ನಿರ್ಮಾಣಕ್ಕೆ ಹಣ ಒದಗಿದ್ದು ಇದರಿಂದಲೇ.

ಈ ಏರ್ಪಾಡಿನ ನ್ಯಾಯ ಗಮನಾರ್ಹ. ಮುಂದಿನ ಹದಿನೈದು–ಇಪ್ಪತ್ತು ವರ್ಷ ಸೌಕರ್ಯವನ್ನು ಅನುಭವಿಸಲಿರುವವರೇ ಅದರ ಬಂಡವಾಳಕ್ಕೆ ಹೆಚ್ಚಿನ ಪಾಲು ನೀಡುತ್ತಾರೆ. ಎಂಬತ್ತೆರಡರ ವೃದ್ಧರ ಪ್ರಶ್ನೆಗೆ ಇದು ಉತ್ತರ. ಶುಲ್ಕ ಮನೆಯ ಬೆಲೆಯ ಶೇಕಡಾವಾರು ಆಗಿರದೆ ನಿಗದಿತ ಮೊತ್ತವಾಗಿರುವುದೂ ವಿವೇಕದ ಕ್ರಮ. 2006ರಿಂದ 2011ರ ನಡುವೆ ಫೀನಿಕ್ಸ್ ಪ್ರದೇಶದ ಮನೆಗಳ ಬೆಲೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಶೇಕಡಾವಾರು ಶುಲ್ಕವಾಗಿದ್ದರೆ ಪ್ರತಿ ಮಾರಾಟದಿಂದ ಬರುವ ಆದಾಯವೂ ಅದರೊಂದಿಗೆ ಅರ್ಧಕ್ಕಿಳಿಯುತ್ತಿತ್ತು.

ಲೆಕ್ಕದ ಪುಸ್ತಕದಲ್ಲಿ ಕಟ್ಟಡ

ಈ ತತ್ವವನ್ನು ಅಂಕಿಗಳಲ್ಲಿ ಪರೀಕ್ಷಿಸಬಹುದು. ಕೇವಲ ಉದಾಹರಣೆಗಾಗಿ, 300 ಮನೆಗಳ ಸಮುದಾಯವೊಂದು 6 ಕೋಟಿ ರೂಪಾಯಿಗೆ ಕೆರೆಯಂಚಿನ ಕಟ್ಟಡ ಕೊಳ್ಳಬಯಸಿದೆ ಎಂದಿಟ್ಟುಕೊಂಡರೆ, ಪ್ರತಿ ಮನೆಯ ಪಾಲು 2 ಲಕ್ಷ ರೂಪಾಯಿ. ಸಿಬ್ಬಂದಿ, ವಿದ್ಯುತ್, ವಿಮೆ, ತೆರಿಗೆ, ದುರಸ್ತಿ ಸೇರಿ ವರ್ಷಕ್ಕೆ 45 ಲಕ್ಷ ವೆಚ್ಚವಾದರೆ ಪ್ರತಿ ಮನೆಯ ಮೇಲೆ ತಿಂಗಳಿಗೆ 1,250 ರೂಪಾಯಿ. ಬೆಲೆ ಏರಿಕೆಯನ್ನು ಗಣಿಸದಿದ್ದರೂ ಇಪ್ಪತ್ತು ವರ್ಷಗಳ ನಿರ್ವಹಣೆ 9 ಕೋಟಿ. ಕೊಂಡ ಬೆಲೆಯ ಒಂದೂವರೆ ಪಟ್ಟು! ಸಭೆಯಲ್ಲಿ ಗಂಟೆಗಟ್ಟಲೆ ಚರ್ಚೆಯಾಗುವುದು 6 ಕೋಟಿಯ ಬಗ್ಗೆ. 9 ಕೋಟಿಯ ಪ್ರಸ್ತಾಪವೇ ಬರುವುದಿಲ್ಲ.

ವರ್ಷಕ್ಕೆ 20 ಮನೆಗಳು ಕೈಬದಲಾಗಿ, ಪ್ರತಿಯೊಂದರಿಂದ ಒಂದೂವರೆ ಲಕ್ಷ ರೂಪಾಯಿ ಪ್ರವೇಶ ಶುಲ್ಕ ಬಂದರೆ ವಾರ್ಷಿಕ ಆದಾಯ 30 ಲಕ್ಷ. ಇದರಿಂದ 6 ಕೋಟಿ ಕೂಡಲು, ಬಡ್ಡಿಯನ್ನು ಬಿಟ್ಟರೂ, ಇಪ್ಪತ್ತು ವರ್ಷ ಬೇಕು. ಮಾರುವವನು ಅಷ್ಟು ಕಾಲ ಕಾಯುವುದಿಲ್ಲ. ಆದುದರಿಂದ ನಿಧಿ ಮೊದಲೇ ಕೂಡಿರಬೇಕು; ಇಲ್ಲವೇ ಸಾಲ ಮಾಡಬೇಕು. ಸಾಲವಾದರೆ ಬಡ್ಡಿಯ ಹೊರೆ ಮತ್ತೆ ಇಂದಿನ ನಿವಾಸಿಗಳ ಹೆಗಲಿಗೇ. ಸಂದರ್ಭ ಒದಗಿದ ಮೇಲೆ ನಿಧಿ ಹುಡುಕುವ ಸಮುದಾಯಕ್ಕಿಂತ, ನಿಧಿ ಇಟ್ಟುಕೊಂಡು ಸಂದರ್ಭಕ್ಕೆ ಕಾಯುವ ಸಮುದಾಯವೇ ವ್ಯವಹಾರದಲ್ಲಿ ಗೆಲ್ಲುತ್ತದೆ.

ಖರೀದಿಗೆ ಮುನ್ನ ಇನ್ನೂ ಕೆಲವು ಅಂಶಗಳನ್ನು ತೂಗಬೇಕು. ಕಟ್ಟಡವನ್ನು ವಾಸ್ತವವಾಗಿ ಎಷ್ಟು ನಿವಾಸಿಗಳು ಬಳಸುತ್ತಾರೆ? ಊರುಗೋಲು, ಗಾಲಿಕುರ್ಚಿಗಳಿಗೆ ಅನುಕೂಲವಾಗುವಂತೆ ಇಳಿಜಾರು ದಾರಿ, ಲಿಫ್ಟ್, ಶೌಚಾಲಯಗಳನ್ನು ಅಳವಡಿಸಲು ಎಷ್ಟು ವೆಚ್ಚ? ನೀರಿನ ಅಂಚಿನ ತೇವದಿಂದ ತಳಪಾಯ ಕೆಟ್ಟಿದೆಯೇ? ಕೆರೆಯ ಒಡೆತನ ಯಾರದು, ಅದರ ನೀರಿನ ಶುದ್ಧತೆಗೆ ಹೊಣೆ ಯಾರು? ಹೊರಗಿನವರಿಗೆ ಸಭಾಂಗಣ ಬಾಡಿಗೆಗೆ ಕೊಟ್ಟು ಆದಾಯ ಗಳಿಸುವುದಾದರೆ ಸಮುದಾಯದ ಏಕಾಂತದ ಗತಿ ಏನು? ಕೆರೆಯಲ್ಲಿ ದುರ್ನಾತ ಬಂದರೆ ಅದರ ದಂಡೆಯ ಕಟ್ಟಡ ಆಸ್ತಿಯಾಗಿ ಉಳಿಯುವುದಿಲ್ಲ, ಹೊರೆಯಾಗುತ್ತದೆ.

ಕರ್ನಾಟಕದ ಉದ್ಯಮಕ್ಕೆ ಪಾಠ

ನಮ್ಮ ರಾಜ್ಯದ ಉದ್ಯಮಿಗಳಿಗೆ ಈ ವಿಷಯ ದೂರದ್ದಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ವರ್ಷ ಮೀರಿದವರು ಸುಮಾರು 58 ಲಕ್ಷ. ಒಟ್ಟು ಜನಸಂಖ್ಯೆಯ ಶೇ. 9.5ರಷ್ಟು. ಮಕ್ಕಳು ಪರದೇಶ ಸೇರಿದ ಕುಟುಂಬಗಳಲ್ಲಿ ಹಿರಿಯರ ವಸತಿಗೆ ಬೇಡಿಕೆ ಇದೆ. ಬೆಂಗಳೂರು, ಮೈಸೂರುಗಳ ಸುತ್ತ ಅಂತಹ ಯೋಜನೆಗಳು ರೂಪುಗೊಂಡಿವೆ. ಜಾಹೀರಾತುಗಳಲ್ಲಿ ಕೆರೆಯ ನೋಟವೂ ಕ್ಲಬ್ ಹೌಸ್‌ನ ಚಿತ್ರವೂ ತಪ್ಪದೆ ಇರುತ್ತವೆ. ಅವನ್ನು ಮುಂದಿನ ಮೂವತ್ತು ವರ್ಷ ಸಾಕುವ ಲೆಕ್ಕ ಮಾತ್ರ ಅಪರೂಪ.

ಕಾನೂನಿನ ಚೌಕಟ್ಟು ಕೆಲಮಟ್ಟಿಗೆ ಸಿದ್ಧವಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ಸಾಮಾನ್ಯ ಪ್ರದೇಶಗಳಲ್ಲಿ ಪ್ರತಿ ಮಾಲೀಕನಿಗೂ ಅವಿಭಜಿತ ಪಾಲು ನೀಡುತ್ತದೆ. ಆ ಪಾಲಿನ ಪ್ರಮಾಣವನ್ನು ಎಲ್ಲ ಮಾಲೀಕರ ಸಮ್ಮತಿಯಿಲ್ಲದೆ ಬದಲಿಸುವಂತಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ ನಿರ್ಮಾಪಕರು ಸಾಮಾನ್ಯ ಪ್ರದೇಶಗಳ ಹಕ್ಕನ್ನು ನಿವಾಸಿಗಳ ಸಂಘಕ್ಕೆ ವರ್ಗಾಯಿಸಬೇಕು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗಾಗಿಯೇ ಮಾದರಿ ಮಾರ್ಗಸೂಚಿ ಹೊರಡಿಸಿತು. ಆದರೆ ಯೋಜನೆಯ ಹೊರಗಿನ ಕಟ್ಟಡವನ್ನು ತರುವಾಯ ಕೊಳ್ಳುವಾಗ, ಸ್ಥಿರಾಸ್ತಿ ಖರೀದಿಗೆ ಸಂಘಕ್ಕೆ ಅಧಿಕಾರವಿದೆಯೇ ಎಂಬುದನ್ನು ಉಪವಿಧಿಗಳಲ್ಲಿ ಮೊದಲು ನೋಡಬೇಕು. ಸನ್ ಸಿಟಿಯ ಮಾದರಿಯ ಪ್ರವೇಶ ಶುಲ್ಕವೂ ಹಾಗೆಯೇ. ಉಪವಿಧಿಯಲ್ಲಿ ಸ್ಪಷ್ಟ ಆಧಾರವಿಲ್ಲದೆ, ಕೊಳ್ಳುವವರಿಗೆ ಮುಂಚಿತವಾಗಿ ತಿಳಿಸದೆ ವಿಧಿಸಿದರೆ ಅದು ವ್ಯಾಜ್ಯಕ್ಕೆ ದಾರಿ. ಯೋಜನೆಯ ಆರಂಭದಲ್ಲೇ, ತಜ್ಞರ ಸಲಹೆಯೊಂದಿಗೆ, ಒಪ್ಪಂದದಲ್ಲಿ ಸೇರಿಸುವುದು ಲೇಸು.

ಕೆರೆಯ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಪ್ರದೇಶ ಇರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್‌ನಲ್ಲಿ ಆ ನಿರ್ದೇಶನವನ್ನು ರದ್ದುಪಡಿಸಿತು. ಮೂರೇ ವರ್ಷಗಳ ಅಂತರದಲ್ಲಿ ಒಂದೇ ನಿವೇಶನದ ಭವಿಷ್ಯ ಎರಡು ಬಾರಿ ತಿರುಗಿದ ಉದಾಹರಣೆ ಇದು. ಖರೀದಿಯ ದಿನ ಜಾರಿಯಲ್ಲಿರುವ ನಿಯಮ, ಕಂದಾಯ ನಕ್ಷೆಯಲ್ಲಿ ಕೆರೆಯ ಗಡಿ, ರಾಜಕಾಲುವೆಯ ಹಾದಿ ಇವುಗಳನ್ನು ಪರಿಶೀಲಿಸದೆ ಮುಂಗಡ ಕೊಡುವುದು ನಿವೃತ್ತರ ಉಳಿತಾಯದೊಂದಿಗೆ ಜೂಜಾಡಿದಂತೆ.

ಹಿರಿಯರ ಪದ್ಧತಿ

ಆಸ್ತಿಯೊಂದಿಗೇ ಅದರ ಪಾಲನೆಯ ಆದಾಯವನ್ನೂ ಸೃಷ್ಟಿಸುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಕೆರೆ ಕಟ್ಟಿಸಿದವರಿಗೆ ಮತ್ತು ಅದನ್ನು ಕಾಪಾಡುವವರಿಗೆ ಕೆರೆಯ ಕೆಳಗಿನ ಭೂಮಿಯಲ್ಲಿ ಪಾಲು ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದಗಳ ಉಲ್ಲೇಖ ಶಾಸನಗಳಲ್ಲಿ ದೊರೆಯುತ್ತದೆ. ಹೂಳೆತ್ತಲು, ಏರಿ ತೂಬುಗಳನ್ನು ದುರಸ್ತಿ ಮಾಡಲು ಹಣ ಎಲ್ಲಿಂದ ಬರಬೇಕೆಂಬುದನ್ನು ಕೆರೆ ತುಂಬುವ ಮೊದಲೇ ಆ ಕಾಲದವರು ಯೋಚಿಸುತ್ತಿದ್ದರು. ನೀರಿನ ಫಲ ಉಣ್ಣುವ ಭೂಮಿಯೇ ನೀರಿನ ಆಸರೆಯನ್ನು ಸಾಕಬೇಕೆಂಬ ನಿಯಮ ಅದು. ಸನ್ ಸಿಟಿಯ ಶುಲ್ಕದ ತಿರುಳೂ ಬೇರೆಯಲ್ಲ.

ಕೆರೆಯಂಚಿನ ಕಟ್ಟಡವನ್ನು ಕೊಳ್ಳಬೇಕೇ ಬೇಡವೇ ಎಂಬ ತೀರ್ಮಾನ ಆಯಾ ಸಮುದಾಯಕ್ಕೆ ಬಿಟ್ಟದ್ದು. ಆದರೆ ಮತಕ್ಕೆ ಹಾಕುವ ಮುನ್ನ ಎರಡು ಕಾಗದಗಳು ಸದಸ್ಯರ ಕೈಯಲ್ಲಿರಬೇಕು. ಒಂದರಲ್ಲಿ ಬೆಲೆ; ಇನ್ನೊಂದರಲ್ಲಿ ಇಪ್ಪತ್ತು ವರ್ಷಗಳ ಪಾಲನೆಯ ವೆಚ್ಚ ಮತ್ತು ಅದನ್ನು ಭರಿಸುವವರ ಪಟ್ಟಿ. ಎರಡನೆಯ ಕಾಗದವನ್ನು ಓದಿದ ಮೇಲೂ ಹಿಂದಿನ ಸಾಲಿನ ಎಂಬತ್ತೆರಡರ ವೃದ್ಧರು ಕೈ ಎತ್ತಿದರೆ, ಆ ಖರೀದಿ ಸರಿಯಾದ ಖರೀದಿಯೇ ಎಂದು ನಂಬಬಹುದು.