ನೇಸ್‌ನ ಅಂಗಳದಲ್ಲಿ ಒಂದು ಹಳೆಯ ಲ್ಯಾಂಡ್ ರೋವರ್

ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಮುಖ್ಯ ಪಟ್ಟಣವಾದ ನೇಸ್, ಡಬ್ಲಿನ್ ನಗರದ ನೈರುತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಐರಿಷ್ ಭಾಷೆಯಲ್ಲಿ ಈ ಊರಿಗೆ ‘ಅರಸರು ಕೂಡುವ ಸ್ಥಳ’ ಎಂಬ ಅರ್ಥದ ಹೆಸರಿದೆ. ಮೋಟಾರು ವಾಹನಗಳ ಚರಿತ್ರೆಯಲ್ಲಿಯೂ ಈ ಸೀಮೆಗೆ ಸ್ಥಾನವುಂಟು. 1903ರ ಜುಲೈ 2ರಂದು ಕಿಲ್ಡೇರ್ ಮತ್ತು ನೆರೆಯ ಕೌಂಟಿಗಳ ರಸ್ತೆಗಳಲ್ಲಿ ನಡೆದ ಗಾರ್ಡನ್ ಬೆನೆಟ್ ಪಂದ್ಯವನ್ನು ಕಮೀಲ್ ಜೆನಾಟ್ಸಿ ಎಂಬ ಬೆಲ್ಜಿಯಂ ದೇಶದವನು ಮರ್ಸಿಡಿಸ್ ಕಾರಿನಲ್ಲಿ ಗೆದ್ದನು. 1968ರಲ್ಲಿ ಊರಿನ ಸಮೀಪದಲ್ಲೇ ಮಾಂಡೆಲ್ಲೊ ಪಾರ್ಕ್ ಎಂಬ ಪಂದ್ಯದ ಪಥ ಸಿದ್ಧವಾಯಿತು. 1983ರಲ್ಲಿ ಈ ಗಣರಾಜ್ಯದ ಮೊತ್ತಮೊದಲ ಮೋಟಾರುಮಾರ್ಗವು ನೇಸ್ ಪಟ್ಟಣವನ್ನು ಬಳಸಿಕೊಂಡು ಹೋಯಿತು.

ಇಂತಹ ಊರಿನಲ್ಲಿದ್ದುಕೊಂಡು, ನುಣುಪಾದ ರಸ್ತೆಯನ್ನು ಬಿಟ್ಟು ಕೆಸರನ್ನೇ ಅರಸಿ ಹೋಗುವವರೂ ಇದ್ದಾರೆ. ಅವರಲ್ಲಿ ಇಬ್ಬರು ನಮ್ಮ ಮನೆಯಲ್ಲೇ ಇದ್ದಾರೆ: ನನ್ನ ಪತಿ ಮತ್ತು ಮಗ. ಕೈದೀಪ ಹಿಡಿಯಲೆಂದು ಅಂಗಳಕ್ಕೆ ಇಳಿದ ನಾನು ಕ್ರಮೇಣ ಮೂರನೆಯವಳಾದೆನು. ಯಂತ್ರಶಾಸ್ತ್ರವನ್ನು ಓದಿದವಳು ನಾನಲ್ಲ. ಆದರೆ ಹಳೆಯ ವಾಹನವನ್ನು ಕಾಡುಮೇಡಿಗೆ ಸಜ್ಜುಗೊಳಿಸುವುದು ಯಂತ್ರಜ್ಞಾನದಷ್ಟೇ ಗೃಹಕೃತ್ಯದ ವಿವೇಕವನ್ನೂ ಬೇಡುತ್ತದೆ ಎಂಬುದನ್ನು ಕಂಡುಕೊಂಡಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸುವುದೇ ಇಲ್ಲಿ ಅರ್ಧ ಕೆಲಸ.

ಮಲೆನಾಡಿನ ಜೀಪು, ಇಲ್ಲಿನ ಲ್ಯಾಂಡ್ ರೋವರ್

ನಮ್ಮವರಿಗೆ ಈ ಹವ್ಯಾಸ ತೀರ ಹೊಸದೇನಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಜೀಪು ಎಂದರೆ ಮನೆಯ ಎತ್ತಿನ ಹಾಗೆ. ಮಳೆಗಾಲ ಬಂದಿತೆಂದರೆ ಅದರ ಚಕ್ರಗಳಿಗೆ ಕಬ್ಬಿಣದ ಸರಪಳಿ ಬಿಗಿದು ಕೆಸರಿನ ಏರಿಯನ್ನು ಹತ್ತಿಸುತ್ತಿದ್ದ ಚಾಲಕರನ್ನು ಮಲೆನಾಡಿಗರು ಮರೆಯಲಾರರು. ಇಂದಿಗೂ ಮಡಿಕೇರಿಯಿಂದ ಮಾಂದಲಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗರನ್ನು ಒಯ್ಯುವುದು ಜೀಪುಗಳೇ. ಅಲ್ಲಿ ಅಗತ್ಯಕ್ಕಾಗಿ ನಡೆಯುವುದು ಇಲ್ಲಿ ವಿನೋದಕ್ಕಾಗಿ ನಡೆಯುತ್ತದೆ, ವ್ಯತ್ಯಾಸ ಅಷ್ಟೆ.

ಲ್ಯಾಂಡ್ ರೋವರ್ ಕೂಡ ಆ ಜೀಪಿನ ಬಂಧುವೇ. ಎರಡನೆಯ ಮಹಾಯುದ್ಧದ ಜೀಪನ್ನು ಮಾದರಿಯಾಗಿಟ್ಟುಕೊಂಡು ರೋವರ್ ಸಂಸ್ಥೆಯ ಮಾರಿಸ್ ವಿಲ್ಕ್ಸ್ ಇದನ್ನು ಕಲ್ಪಿಸಿದನು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂದಿತು. ಯುದ್ಧಾನಂತರ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರವಿದ್ದುದರಿಂದ ಮೇಲ್ಮೈಗೆ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಳಸಲಾಯಿತು. ನಮ್ಮದು 1989ರಲ್ಲಿ ಆರಂಭವಾದ ಡಿಸ್ಕವರಿ ಎಂಬ ತಳಿಯ ಮೊದಲ ಪೀಳಿಗೆಯದು. 300 ಟಿಡಿಐ ಎಂಬ ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ ಉಳ್ಳದ್ದು. ನಾಲ್ಕು ಚಕ್ರಗಳಿಗೂ ಸದಾ ಶಕ್ತಿ ಹರಿಯುತ್ತದೆ. ಕಡಿದಾದ ಜಾಗಕ್ಕೆ ಬೇರೆಯೇ ಒಂದು ಕೆಳಗೇರುಗಳ ಸಾಲು ಇದೆ.

ಮೊದಲು ತುಕ್ಕು

ಹಳೆಯ ವಾಹನ ಕೊಂಡ ತರುಣರ ಮೊದಲ ಆಸೆ ಅದನ್ನು ಎತ್ತರಿಸುವುದು, ದೊಡ್ಡ ಟೈರು ಹಾಕುವುದು. ಆದರೆ ಮೊದಲ ಕೆಲಸ ವಾಹನದ ಅಡಿಯಲ್ಲಿ ಮಲಗಿ ನೋಡುವುದು. ಹೊರಗಿನ ಅಲ್ಯೂಮಿನಿಯಂ ತಗಡುಗಳು ಹೊಳೆಯುತ್ತಿರಬಹುದು. ಅವುಗಳ ಒಳಗಿನ ಚೌಕಟ್ಟು, ಕೆಳಗಿನ ಚಾಸಿ ಎಲ್ಲವೂ ಉಕ್ಕು. ಇಲ್ಲಿನ ಬಿಡದ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎರಡೂ ಸೇರಿ ಆ ಉಕ್ಕನ್ನು ಒಳಗಿನಿಂದಲೇ ತಿನ್ನುತ್ತವೆ. ಡಿಸ್ಕವರಿಯಲ್ಲಿ ಹಿಂಬದಿಯ ಸಾಮಾನು ಇಡುವ ನೆಲ, ಬಾಗಿಲುಗಳ ಕೆಳಗಿನ ಪಟ್ಟಿ, ಮುಂಚಕ್ರಗಳ ಒಳಗೋಡೆ ಮತ್ತು ಚಾಸಿಯ ಹಿಂದುದಿ, ಇವು ಮೊದಲು ನೋಡತಕ್ಕ ಸ್ಥಳಗಳು.

ನೋಡುವ ಬಗೆಯೂ ಸುಲಭ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ದನಿ ಕೇಳುತ್ತೇವಲ್ಲವೆ? ಹಾಗೆಯೇ ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಗಣಗಣ ಎನ್ನುತ್ತದೆ. ಕೊಳೆತದ್ದು ಮಂಕಾಗಿ ದೊಬ್ಬೆನ್ನುತ್ತದೆ. ನಮ್ಮ ವಾಹನವನ್ನು ಆರಿಸುವ ಮೊದಲು ನಾವು ನೋಡಿದ ಒಂದರ ಅಡಿಭಾಗಕ್ಕೆ ಮಾರುವವರು ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಎರಡನೆಯ ಪೆಟ್ಟಿಗೇ ಬಣ್ಣದ ಪೊರೆ ಒಡೆದು, ಸುತ್ತಿಗೆಯ ಮೂತಿ ಒಳಗೆ ಇಳಿಯಿತು. ನಮಸ್ಕಾರ ಹೇಳಿ ಹೊರಟುಬಂದೆವು.

ಕೊಂಡ ವಾಹನದಲ್ಲಿಯೂ ಕೆಲಸವಿತ್ತು. ಕೊಳೆತ ಭಾಗದ ಮೇಲೆ ತೇಪೆ ಹಾಕದೆ, ಗಟ್ಟಿ ಉಕ್ಕು ಸಿಗುವವರೆಗೂ ಕತ್ತರಿಸಿ ತೆಗೆದು ಹೊಸ ತಗಡನ್ನು ವೆಲ್ಡಿಂಗ್ ಮಾಡಿಸಿದೆವು. ಪೊಳ್ಳು ಜಾಗಗಳೊಳಗೆ ತುಕ್ಕು ತಡೆಯುವ ಮೇಣವನ್ನು ಸಿಂಪಡಿಸಿದೆವು. ಅನಂತರ ಬ್ರೇಕಿನ ಕೊಳವೆಗಳು, ಸ್ಟೀರಿಂಗಿನ ಕೀಲುಗಳು, ಎಂಜಿನ್ನಿನ ಟೈಮಿಂಗ್ ಬೆಲ್ಟು. ಒಂದು ಇಡೀ ಚಳಿಗಾಲ ಕಳೆದರೂ ನೋಡುವವರ ಕಣ್ಣಿಗೆ ವಾಹನ ಮೊದಲಿನಂತೆಯೇ ಇತ್ತು. ಮಗನ ಮುಖ ಸಣ್ಣದಾಗಿತ್ತು. ಆದರೆ ಆ ವರ್ಷದ ರಾಷ್ಟ್ರೀಯ ಕಾರು ಪರೀಕ್ಷೆಯಲ್ಲಿ ಅದು ತೇರ್ಗಡೆಯಾಯಿತು. 2000ದಲ್ಲಿ ಆರಂಭವಾದ ಈ ಪರೀಕ್ಷೆ, ಹತ್ತು ವರ್ಷ ದಾಟಿದ ಸಾಮಾನ್ಯ ಕಾರುಗಳಿಗೆ ವರ್ಷಕ್ಕೊಮ್ಮೆ ತಪ್ಪದು.

ಟೈರು ಮತ್ತು ಎತ್ತರ

ಎತ್ತರದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಪ್ರಚಾರದಲ್ಲಿದೆ. ಉದ್ದದ ಸ್ಪ್ರಿಂಗು ಹಾಕಿದರೆ ಏರುವುದು ಮೇಲಿನ ಒಡಲು ಮಾತ್ರ. ಆಕ್ಸಲಿನ ನಡುವೆ ಚೆಂಬಿನಂತೆ ಉಬ್ಬಿರುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ, ಮತ್ತು ಬಂಡೆಗೆ ಮೊದಲು ತಗುಲುವುದು ಅದೇ. ಅದನ್ನು ಏರಿಸುವುದು ದೊಡ್ಡ ಟೈರು ಒಂದೇ. ನಮ್ಮ ಮೂಲ ಟೈರಿನ ವ್ಯಾಸ ಸುಮಾರು 735 ಮಿಲಿಮೀಟರ್. ಕ್ಲಬ್ಬಿನವರಲ್ಲಿ ಹಲವರು ಹಾಕುವ 235/85 ಆರ್ 16 ಅಳತೆಯದರ ವ್ಯಾಸ ಸುಮಾರು 806. ವ್ಯತ್ಯಾಸ 71 ಮಿಲಿಮೀಟರ್. ಆದರೆ ಆಕ್ಸಲು ಚಕ್ರದ ನಡುವಿನಲ್ಲಿರುವುದರಿಂದ ದಕ್ಕುವುದು ಅದರ ಅರ್ಧ, ಸುಮಾರು 35 ಮಿಲಿಮೀಟರ್.

ಇಷ್ಟು ಲಾಭಕ್ಕೆ ತೆರಬೇಕಾದ ಬೆಲೆಯೂ ಉಂಟು. ವೇಗದ ಮುಳ್ಳು ಮೊದಲು ಸರಿಯಾಗಿ ತೋರಿಸುತ್ತಿದ್ದರೆ, ಈಗ ಅದು 100 ತೋರಿಸುವಾಗ ನಿಜವಾದ ವೇಗ 110ರ ಸಮೀಪ. ಟೈರು ಒಡಲಿಗೆ ಉಜ್ಜದಂತೆ ಸ್ಪ್ರಿಂಗುಗಳನ್ನು ಎರಡು ಅಂಗುಲ ಏರಿಸಬೇಕು. ಏರಿಸಿದರೆ ಉದ್ದದ ಬ್ರೇಕ್ ಕೊಳವೆ ಬೇಕು, ಸ್ಟೀರಿಂಗಿನ ಕೋನ ಸರಿಪಡಿಸಬೇಕು. ಭಾರದ ಕೇಂದ್ರ ಮೇಲಕ್ಕೆ ಹೋಗಿ ಅಡ್ಡ ಇಳಿಜಾರಿನಲ್ಲಿ ಉರುಳುವ ಭಯ ಹೆಚ್ಚುತ್ತದೆ. ಈ ಲೆಕ್ಕವನ್ನೆಲ್ಲ ಊಟದ ಮೇಜಿನ ಮೇಲೆ ಬರೆದಿಟ್ಟುಕೊಂಡು, ನಾವು ಮೂಲ ಅಳತೆಯಲ್ಲೇ ಆಳವಾದ ಹಲ್ಲುಗಳ ಕೆಸರಿನ ಟೈರು ಹಾಕುವುದೆಂದು ನಿಶ್ಚಯಿಸಿದೆವು. ಮೆತ್ತನೆಯ ನೆಲ ಬಂದಾಗ ಗಾಳಿಯನ್ನು ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ಊರಿ, ಹೂಳುವುದು ಕಡಿಮೆಯಾಗುತ್ತದೆ. ಹೆದ್ದಾರಿಗೆ ಬರುವ ಮುನ್ನ ಮತ್ತೆ ಗಾಳಿ ತುಂಬಲು ಒಂದು ಸಣ್ಣ ಪಂಪು ಸಾಕು.

ನೀರು ಮತ್ತು ಹಗ್ಗ

ತೊರೆ ದಾಟುವವರು ಎರಡು ಸಂಗತಿ ತಿಳಿದಿರಬೇಕು. ಎಂಜಿನ್ನು ಗಾಳಿಯ ಬದಲು ನೀರು ಹೀರಿದರೆ ಕ್ಷಣದಲ್ಲಿ ನಾಶ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು, ಒಳಗಿನ ಉಕ್ಕಿನ ಸರಳುಗಳೇ ಬಾಗುತ್ತವೆ. ಅದಕ್ಕಾಗಿ ಗಾಳಿಯ ಕೊಳವೆಯನ್ನು ಮೇಲ್ಛಾವಣಿಯವರೆಗೆ ಏರಿಸುತ್ತಾರೆ. ಎರಡನೆಯದು ಅಷ್ಟು ಕಣ್ಣಿಗೆ ಬೀಳದು. ಬಿಸಿಯಾದ ಆಕ್ಸಲು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆಕ್ಸಲು ಉಸಿರಾಡುವ ಸಣ್ಣ ಕೊಳವೆಯನ್ನು ಮೇಲಕ್ಕೆ ಒಯ್ದು ಕಟ್ಟಿದರೆ ಈ ತೊಂದರೆ ತಪ್ಪುತ್ತದೆ. ಇದಕ್ಕೆ ಆಗುವ ಖರ್ಚು ಅತ್ಯಲ್ಪ.

ಎಲ್ಲಕ್ಕಿಂತ ಮುಖ್ಯವಾದುದು ಹೂತ ವಾಹನವನ್ನು ಎಳೆಯುವ ಸಾಧನ. ಎರಡು ಟನ್ನಿನ ವಾಹನ ಕೆಸರಿನಲ್ಲಿ ಕಚ್ಚಿಕೊಂಡಾಗ ಹಗ್ಗದ ಮೇಲೆ ಬೀಳುವ ಸೆಳೆತ ಅದರ ತೂಕವನ್ನೇ ಮೀರಬಹುದು. ಟ್ರೇಲರ್ ಕಟ್ಟುವ ಗುಂಡಿಗೆ ಹಗ್ಗ ಸಿಕ್ಕಿಸಿ ಎಳೆಯುವುದನ್ನು ಎಂದೂ ಮಾಡಕೂಡದು. ಅದು ಮುರಿದರೆ ಗುಂಡಿನಂತೆಯೇ ಹಾರುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಕೊಳೆತ ಚಾಸಿಗೆ ಬಿಗಿದ ಹೊಸ ಕೊಕ್ಕೆಯೂ ಅಷ್ಟೇ ಅಪಾಯ. ತುಕ್ಕಿನ ಕೆಲಸವೇ ಮೊದಲು ಎಂದು ನಾನು ಹಟ ಹಿಡಿದದ್ದು ಇದಕ್ಕಾಗಿಯೇ. ಎಳೆಯುವಾಗ ಚಾಲಕರ ಹೊರತು ಉಳಿದವರೆಲ್ಲರೂ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಬೇಕೆಂಬುದು ನಮ್ಮ ಕ್ಲಬ್ಬಿನ ಕಟ್ಟಳೆ. ಒಂಟಿ ವಾಹನ ಹೊರಡಬಾರದೆಂಬುದು ಇನ್ನೊಂದು.

ನೆಲದ ಋಣ

ಇಷ್ಟು ಸಜ್ಜುಮಾಡಿ ಹೋಗುವುದೆಲ್ಲಿಗೆ? ನೇಸ್‌ನಿಂದ ಪೂರ್ವಕ್ಕೆ ನೋಡಿದರೆ ವಿಕ್ಲೋ ಬೆಟ್ಟಗಳು ಕರೆಯುತ್ತವೆ. ಆದರೆ ಅಲ್ಲಿನ ಬಹುಭಾಗ 1991ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನ. ಇನ್ನೊಂದು ಭಾಗ ಕೊಯಿಲ್ಟೆ ಎಂಬ ಸರಕಾರಿ ಅರಣ್ಯ ಸಂಸ್ಥೆಯದು. ಮನಬಂದಂತೆ ವಾಹನ ನುಗ್ಗಿಸುವಂತಿಲ್ಲ. ಪಶ್ಚಿಮಕ್ಕೆ ಹರಡಿರುವುದು ಬಾಗ್ ಆಫ್ ಅಲೆನ್ ಎಂಬ ಕಪ್ಪು ಜೌಗುನೆಲ. ಈ ಪೀಟ್ ಮಣ್ಣು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಚಕ್ರವೊಂದು ಕ್ಷಣದಲ್ಲಿ ತೋಡಿದ ಒಂದು ಅಡಿ ಹಳ್ಳ ತುಂಬಲು ಮುನ್ನೂರು ವರ್ಷ ಬೇಕೆಂದಾಯಿತು. ಆದುದರಿಂದ ಕ್ಲಬ್ಬುಗಳು ರೈತರ ಹೊಲ, ಹಳೆಯ ಕಲ್ಲುಗಣಿ ಮೊದಲಾದ ಖಾಸಗಿ ಜಾಗಗಳಲ್ಲಿ ಒಡೆಯರ ಅನುಮತಿ ಪಡೆದೇ ಕೂಡುತ್ತವೆ.

ಒಮ್ಮೆ ರೈತರೊಬ್ಬರ ಗುಡ್ಡದ ಹೊಲದಲ್ಲಿ ನಮ್ಮ ಮುಂದಿನ ವಾಹನ ಒಂದು ಬದಿಗೆ ಹೂತಿತು. ಹಲಗೆ ಹಾಸಿ, ಹಗ್ಗ ಕಟ್ಟಿ ಎಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಮುಂದಾಳು ಅಲ್ಲಿಗೇ ಅಂದಿನ ಪಯಣ ನಿಲ್ಲಿಸಿದರು. ಉಳಿದ ಹೊತ್ತಿನಲ್ಲಿ ನಾವೆಲ್ಲರೂ ಸಲಿಕೆ ಹಿಡಿದು, ಎದ್ದ ಮಣ್ಣನ್ನು ಹಳ್ಳಕ್ಕೆ ತುಂಬಿ, ಹುಲ್ಲಿನ ಹೆಪ್ಪಳಿಕೆಗಳನ್ನು ಮೇಲೆ ಒತ್ತಿ ಕೂರಿಸಿದೆವು. ಸಂಜೆ ಬಂದು ನೋಡಿದ ರೈತರು ಹೆಚ್ಚೇನೂ ಮಾತಾಡಲಿಲ್ಲ. ಮುಂದಿನ ವಸಂತಕ್ಕೂ ಬನ್ನಿ ಎಂದರು. ಒಬ್ಬರು ಹೊಲ ಕೆಡಿಸಿದರೆ ಗೇಟು ಮುಚ್ಚುವುದು ಎಲ್ಲರಿಗೂ. ಪರದೇಶದಲ್ಲಿ ನೆಲೆಸಿದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಮ್ಮೇಳನಕ್ಕೆ ಬಂದಿರುವ ತರುಣ ತರುಣಿಯರಲ್ಲಿ ಈ ಹವ್ಯಾಸದ ಆಸೆಯುಳ್ಳವರಿಗೆ ನನ್ನ ಕಿವಿಮಾತು ಇಷ್ಟೆ. ಮೊದಲು ತುಕ್ಕು ತೆಗೆಯಿರಿ. ಬ್ರೇಕು, ಸ್ಟೀರಿಂಗು ಗಟ್ಟಿಮಾಡಿ. ಬಳಿಕ ಟೈರು, ಕೊಕ್ಕೆ, ಹಗ್ಗ. ಎತ್ತರ ಕೊನೆಗೆ, ಅದೂ ಬೇಕಾದರೆ ಮಾತ್ರ. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ವಿಮಾ ಸಂಸ್ಥೆಗೆ ಬರೆದು ತಿಳಿಸಿರಿ. ತಿಳಿಸದಿದ್ದರೆ ಆಪತ್ತಿನ ದಿನ ಪರಿಹಾರ ಕೈತಪ್ಪಬಹುದು. ಮನೆಗೆ ಬಂದೊಡನೆ ವಾಹನದ ಅಡಿಭಾಗವನ್ನು ಚೆನ್ನಾಗಿ ತೊಳೆಯಿರಿ. ಹಾಗೆ ಮಾಡಿದರೆ ಕೆಸರಿನಲ್ಲಿ ನಿಲ್ಲುವ ತೇವ ತುಕ್ಕಾಗುವುದೂ ತಪ್ಪುತ್ತದೆ, ಒಂದು ಹೊಲದ ಕಳೆಯ ಬೀಜ ಇನ್ನೊಂದಕ್ಕೆ ಹೋಗುವುದೂ ತಪ್ಪುತ್ತದೆ.